ಕೈಗೆ ಬಂದ ಮನೆ ಕೈತಪ್ಪಿದಾಗ

ಮುಂಬಯಿ: ರಜೆಯಲ್ಲಿ ಊರಿಗೆ ಹೋದ ಮುಂಬಯಿಗನಿಗೆ ಬಸ್ ನಿಲ್ದಾಣದಿಂದ ದೇವಸ್ಥಾನದ ಅಂಗಳದವರೆಗೆ ಎದುರಾಗುವ ಪ್ರಶ್ನೆ ಒಂದೇ: ‘ರೂಮ್ ಆಯಿತಾ?’ ರೂಮ್ ಎಂದರೆ ಇಲ್ಲಿ ಕೋಣೆಯಲ್ಲ, ಮಹಾನಗರದಲ್ಲಿ ಸ್ವಂತ ಹೆಸರಿನಲ್ಲಿರುವ ಮನೆ. ‘ಇನ್ನೂ ಇಲ್ಲ, ನೋಡ್ತಾ ಇದ್ದೇವೆ’ ಎಂದು ಹೇಳಿ ಮುಂದೆ ನಡೆಯುವುದು ಸುಲಭ. ‘ಆಗುವುದರಲ್ಲಿತ್ತು, ಕೈತಪ್ಪಿತು’ ಎಂದು ಹೇಳುವುದೇ ಕಷ್ಟ. ಏಕೆಂದರೆ ಈ ನಷ್ಟಕ್ಕೆ ಸಾಂತ್ವನ ಹೇಳಲು ಯಾರೂ ಬರುವುದಿಲ್ಲ. ನಿಮ್ಮದಾಗಿರದ ಮನೆ ಹೋಯಿತೆಂದು ಅಳುವುದೇಕೆ ಎಂದು ಕೇಳಿದರೆ ಉತ್ತರವೂ ಇಲ್ಲ.

ಬೊರಿವಲಿಯಲ್ಲಿ ಹನ್ನೊಂದು ವರ್ಷಗಳಿಂದ ಬಾಡಿಗೆ ಮನೆಯಲ್ಲಿರುವ ಕಾರ್ಕಳ ಮೂಲದ ದಂಪತಿಗೆ 2024ರ ಮಳೆಗಾಲದಲ್ಲಿ ಆದದ್ದು ಇದೇ. ಪತಿ ಅಂಧೇರಿಯ ಸರಕು ಸಾಗಾಟ ಸಂಸ್ಥೆಯೊಂದರಲ್ಲಿ ಲೆಕ್ಕಿಗ, ಪತ್ನಿ ದಹಿಸರ್‌ನ ಶಾಲೆಯೊಂದರಲ್ಲಿ ಶಿಕ್ಷಕಿ. ಹನ್ನೊಂದು ತಿಂಗಳ ಕರಾರು ಮುಗಿದಾಗ ಮಾಲಕರು ಮನಸ್ಸು ಬದಲಿಸಿದ್ದರಿಂದ ಐದು ಸಲ ಗಂಟುಮೂಟೆ ಕಟ್ಟಿದವರು. ಪ್ರತಿ ಸಲವೂ ಗ್ಯಾಸ್, ಆಧಾರ್, ಮಗಳ ಶಾಲೆಯ ಬಸ್ಸು ಎಂದು ವಿಳಾಸ ತಿದ್ದಿಸುತ್ತಲೇ ಮೂರು ತಿಂಗಳು ಕಳೆಯುತ್ತಿತ್ತು.

ಆ ವರ್ಷದ ಜುಲೈ ಆರಂಭದಲ್ಲಿ ದಹಿಸರ್ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಹಳೆಯ ಫ್ಲ್ಯಾಟ್ ತೋರಿಸಿದವನು ಪರಿಚಯದ ಬ್ರೋಕರ್. ಮೂರನೆಯ ಮಹಡಿ, ಬೆಲೆ 78 ಲಕ್ಷ. ಮೊದಲ ಸಲ ಗಂಡ ಹೆಂಡತಿ ನೋಡಿ ಬಂದರು. ಎರಡನೆಯ ಸಲ ಮಗಳನ್ನೂ ಕರೆದುಕೊಂಡು ಹೋದರು. ಅಡುಗೆಮನೆಯ ಕಟ್ಟೆಯನ್ನು ಪತ್ನಿ ಗೇಣು ಹಾಕಿ ಅಳೆದರು. ತುಳಸಿಯ ಕುಂಡ ಪೂರ್ವದ ಕಿಟಕಿಗೆ, ಮಗಳ ಓದುವ ಮೇಜು ಹಾಲಿನ ಮೂಲೆಗೆ, ಊರಿನಿಂದ ಅತ್ತೆ ಬಂದರೆ ಮಲಗುವ ಮಂಚ ಬಾಗಿಲ ಬಳಿಗೆ ಎಂದು ಅಲ್ಲೇ ಠರಾವಾಯಿತು. ಮೂರನೆಯ ಸಲ ಹೋದಾಗ ಆ ಮನೆಯ ಒಡತಿ ಚಹಾ ಮಾಡಿಕೊಟ್ಟರು. ‘ಆ ಚಹಾ ಕುಡಿದ ಮೇಲೆ ಮನೆ ನಮ್ಮದೇ ಅಂತ ಅನಿಸಿಬಿಟ್ಟಿತ್ತು’ ಎನ್ನುತ್ತಾರೆ ಪತ್ನಿ.

ಚಹಾಕ್ಕೆ ಕಾನೂನಿನ ಬೆಲೆಯಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರುಪತ್ರ ಆದ ಮಾತ್ರಕ್ಕೂ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ. ಇವರಲ್ಲಿ ಕರಾರೂ ಇರಲಿಲ್ಲ, ಟೋಕನ್ ಕೊಟ್ಟ ರಸೀದಿಯೂ ಇರಲಿಲ್ಲ. ಇದ್ದದ್ದು ಆಟಿ ತಿಂಗಳು. ಜುಲೈ ಮಧ್ಯದಲ್ಲಿ ಆಟಿ ಆರಂಭವಾಯಿತು. ಊರಿನಿಂದ ತಾಯಿ ಫೋನ್ ಮಾಡಿ, ‘ಆಟಿಯಲ್ಲಿ ಮನೆಯ ಮಾತು ಬೇಡ ಮಗಾ, ಸೋಣ ಬರಲಿ’ ಎಂದರು. ಮಗ ಒಪ್ಪಿದರು. ಮಾಲಕರು ಆಗಲೂ ಈಗಲೂ ಹೇಳಿದ್ದು ಒಂದೇ ಮಾತು, ಟೋಕನ್ ಕೊಟ್ಟವರಿಗೆ ಮನೆ. ಅವರ ಕಡೆಯಿಂದ ತಪ್ಪೇನೂ ಇಲ್ಲ ಎನ್ನುವುದನ್ನು ದಂಪತಿಯೂ ಒಪ್ಪುತ್ತಾರೆ.

ಸೋಣಕ್ಕೆ ಹತ್ತೇ ದಿನ ಉಳಿದಿರುವಾಗ ಬ್ರೋಕರ್‌ನ ಫೋನ್ ಬಂತು. ‘ಭಾಯ್, ವೋ ರೂಮ್ ತೋ ನಿಕಲ್ ಗಯಾ.’ ಇನ್ನೊಬ್ಬರು ಒಂದು ಲಕ್ಷ ಹೆಚ್ಚಿಗೆ ಹೇಳಿ ಅಂದೇ ಟೋಕನ್ ಕೊಟ್ಟಿದ್ದರು.

ಆ ರಾತ್ರಿ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತೇನೋ. ‘ನಮ್ಮ ಋಣ ಇರಲಿಲ್ಲ’ ಎಂದು ಪತಿ ಹೇಳಿ ಮಲಗಿದರು. ಪತ್ನಿ ಮರುದಿನದಿಂದ ಶಾಲೆಗೆ ಹೋಗುವ ದಾರಿಯನ್ನೇ ಬದಲಿಸಿ, ಆ ಕಟ್ಟಡದ ಮುಂದೆ ಹಾಯದಂತೆ ಹತ್ತು ನಿಮಿಷ ಸುತ್ತಿ ನಡೆಯತೊಡಗಿದರು. ಗೆಳತಿಯರಿಗೆಲ್ಲ ಸುದ್ದಿ ಹೇಳಿಬಿಟ್ಟಿದ್ದ ಮಗಳು ಮಾತ್ರ, ‘ನಾನು ಅವರಿಗೆ ಈಗ ಏನು ಹೇಳಲಿ?’ ಎಂದು ನೇರವಾಗಿ ಕೇಳಿದಳು. ಊರಿನಲ್ಲಿದ್ದ ತಾಯಿ ಫೋನಿನಲ್ಲಿ ಮನೆಯ ವಿಷಯ ಎತ್ತುವುದನ್ನೇ ಬಿಟ್ಟರು.

ಇಂತಹ ಕಥೆ ಇಲ್ಲಿನ ತುಳು-ಕನ್ನಡಿಗರಿಗೆ ಹೊಸದಲ್ಲ. ಡೊಂಬಿವಲಿಯ ಸಂಘ ಸಂಸ್ಥೆಗಳ ಯಾವುದೇ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತರೆ, ‘ಅಂದು ಕೈಯಲ್ಲಿ ಹತ್ತು ಸಾವಿರ ಇದ್ದಿದ್ದರೆ’ ಎಂದು ಆರಂಭಿಸುವ ಹಿರಿಯರು ಒಬ್ಬರಾದರೂ ಸಿಗುತ್ತಾರೆ. ಹೋಟೆಲಿನ ಅಟ್ಟದಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಬಳಿಕ ಸ್ಟೇಷನ್ ಪಕ್ಕದ ರೂಮೊಂದನ್ನು ಸ್ವಲ್ಪದರಲ್ಲಿ ಕಳೆದುಕೊಂಡವರು ಇವರು. ನಲವತ್ತು ವರ್ಷ ಕಳೆದು, ಮೂರು ಮನೆ ಮಾಡಿದರೂ ಆ ಒಂದು ರೂಮ್ ಮರೆತಿಲ್ಲ. ವಿಚಿತ್ರವೆಂದರೆ ಹೇಳುವಾಗ ಅದು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಗುತ್ತದೆ. ಅದರ ಸೋರುವ ಮಾಡು, ಹೊರಗಿನ ಪಾಯಿಖಾನೆ ಕಥೆಯಿಂದ ಎಂದೋ ಬಿದ್ದುಹೋಗಿರುತ್ತವೆ. ದಹಿಸರ್‌ನ ಮನೆಯಲ್ಲಿಯೂ ಲಿಫ್ಟ್ ಇರಲಿಲ್ಲ. ಅದು ಅತ್ತೆಯ ಮೊಣಕಾಲಿಗೆ ಆಗುವ ಮನೆಯಲ್ಲ ಎಂದು ಮೊದಲ ಸಲ ನೋಡಿದಾಗಲೇ ಮಾತಾಗಿತ್ತು. ಕೈತಪ್ಪಿದ ಮೇಲೆ ಆ ಮಾತು ಯಾರಿಗೂ ನೆನಪಾಗಲಿಲ್ಲ.

ಮನೆ ತಪ್ಪಿದವರು ನಿಜವಾಗಿ ಎಡವುವುದು ಅನಂತರದ ವಾರಗಳಲ್ಲಿ. ಹೋದ ಮನೆಯ ಜಾಗವನ್ನು ಕೂಡಲೇ ಇನ್ನೊಂದರಿಂದ ತುಂಬಿಸಬೇಕೆಂಬ ಹಟ ಹುಟ್ಟುತ್ತದೆ. ಇವರೂ ಹಾಗೆಯೇ ಒಂದು ಭಾನುವಾರ ವಿರಾರ್‌ನ ಆಚೆ, ಇನ್ನೂ ಕಟ್ಟುತ್ತಿರುವ ಯೋಜನೆಯೊಂದರ ಕಚೇರಿಗೆ ಹೋಗಿ ಕುಳಿತರು. ಚೌತಿಯೊಳಗೆ ಬುಕ್ ಮಾಡಿದರೆ ರಿಯಾಯಿತಿ ಎಂದಿದ್ದರು. ಈಗಲೇ ಕಾಲು ಭಾಗ ಹಣ ಕೊಡಿ, ಕರಾರುಪತ್ರ ಆಮೇಲೆ ಎಂಬ ಮಾತು. ಚೆಕ್ ಬರೆಯುವ ಮೊದಲು ಪತಿ ಅದೇ ಕಟ್ಟಡದಲ್ಲಿರುವ, ಬ್ಯಾಂಕಿನಿಂದ ನಿವೃತ್ತರಾದ ಕನ್ನಡಿಗರೊಬ್ಬರಿಗೆ ಫೋನ್ ಮಾಡಿದ್ದು ಪುಣ್ಯ. 2016ರ ರೇರಾ ಕಾಯಿದೆಯ 13ನೇ ಕಲಮಿನಂತೆ ನೋಂದಾಯಿತ ಕರಾರುಪತ್ರವಿಲ್ಲದೆ ಬಿಲ್ಡರ್ ಮನೆಯ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಆ ಹಿರಿಯರು ಯೋಜನೆಯ ನೋಂದಣಿ ಸಂಖ್ಯೆ ಕೇಳಿ, ಮಹಾರೇರಾದ ತಾಣದಲ್ಲಿ ತೆರೆದು ನೋಡಿದರು. ಕಟ್ಟಡ ಮುಗಿಸುವ ದಿನಾಂಕ ಅದಾಗಲೇ ಒಮ್ಮೆ ಮುಂದೆ ಹೋಗಿತ್ತು. ‘ಒಂದು ಮನೆ ಹೋಯಿತು, ಇನ್ನು ದುಡ್ಡನ್ನೂ ಕಳೆದುಕೊಳ್ಳಬೇಡಿ, ಎದ್ದು ಬನ್ನಿ’ ಎಂದರು. ಬಂದರು.

ಸೆಪ್ಟೆಂಬರಿನಲ್ಲಿ ಮ್ಹಾಡಾ ಲಾಟರಿಗೆ ಅರ್ಜಿ ಹಾಕಿದರು. ಮುಂಬಯಿ ಮಂಡಳಿಯ 2023ರ ಲಾಟರಿಯಲ್ಲಿ 4,082 ಮನೆಗಳಿಗೆ ಸುಮಾರು 1 ಲಕ್ಷ 20 ಸಾವಿರ ಅರ್ಜಿಗಳಿದ್ದವು. 2024ರಲ್ಲಿ ಮನೆ 2,030, ಅರ್ಜಿಗಳು ಸುಮಾರು 1 ಲಕ್ಷ 13 ಸಾವಿರ. ಅಂದರೆ ಸರಾಸರಿ ಸುಮಾರು 56 ಮಂದಿಗೆ ಒಂದು ಮನೆ. ಅಕ್ಟೋಬರ್ 8ರಂದು ಡ್ರಾ ನಡೆದಾಗ ಇವರ ಹೆಸರು ಬರಲಿಲ್ಲ. ಠೇವಣಿ ಹಣ ಖಾತೆಗೆ ಮರಳಿತು, ಅರ್ಜಿ ಶುಲ್ಕ ಮಾತ್ರ ಹೋಯಿತು. ಆಶ್ಚರ್ಯವೆಂದರೆ ಈ ಸೋಲು ಮನೆಯಲ್ಲಿ ಯಾರನ್ನೂ ಕಾಡಲಿಲ್ಲ. ಪಾಯಸ ಮಾಡಿ ಉಂಡು ಮಲಗಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಚಿತ್ರಗಳನ್ನು ನೋಡಿ ಅಮೆರಿಕದ ಮನಶ್ಶಾಸ್ತ್ರಜ್ಞರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತೋಷವಾಗಿ ಕಂಡಿದ್ದರಂತೆ. ಬೆಳ್ಳಿಯವನಿಗೆ ಸ್ವಲ್ಪದರಲ್ಲಿ ತಪ್ಪಿದ ಚಿನ್ನ ಕಣ್ಣ ಮುಂದೆ ಇರುತ್ತದೆ. ಲಾಟರಿಯಲ್ಲಿ ‘ಸ್ವಲ್ಪದರಲ್ಲಿ’ ಎಂಬುದಿಲ್ಲ, ಮನೆಯೊಳಗೆ ತಪ್ಪಿತಸ್ಥರೂ ಇಲ್ಲ. ಅಂದಹಾಗೆ ಆ ಲಾಟರಿಯಲ್ಲಿ ಗೆದ್ದವರಲ್ಲೂ ನೂರಾರು ಮಂದಿ ಬೆಲೆ ದುಬಾರಿಯೆಂದೋ ಸಾಲ ಸಿಗದೆಯೋ ಮನೆಯನ್ನು ಹಿಂದಿರುಗಿಸಿದರು.

ದಹಿಸರ್‌ನ ಮನೆಗಾದರೋ ತಪ್ಪಿತಸ್ಥರು ಬೇಕಿತ್ತು. ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಆ ಹೊಣೆ ಊರಿನ ತಾಯಿಯ ತಲೆಗೆ ಕಟ್ಟಿಯಾಗಿತ್ತು. ಅದೇ ನವರಾತ್ರಿಗೆ ಅವರು ಮುಂಬಯಿಗೆ ಬಂದರು. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಸಂಜೆ ದೀಪ ಹಚ್ಚಿದ ಮೇಲೆ, ‘ನನ್ನ ಬಾಯಿಯಿಂದ ನಿಮ್ಮ ಮನೆ ಹೋಯಿತು’ ಎಂದು ಸೊಸೆಯ ಮುಂದೆ ಕಣ್ಣೀರಿಟ್ಟರು.

ಪತಿ ಎದ್ದು ಹೋಗಿ ಮಗಳ ನೋಟ್‌ಬುಕ್ ತಂದು ಲೆಕ್ಕ ಬರೆದರು. ಬೆಲೆ 78 ಲಕ್ಷ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಉಳಿದ 15 ಲಕ್ಷ 60 ಸಾವಿರ ಕೈಯಿಂದ ಹಾಕಬೇಕು. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇ. 6, ಅಂದರೆ 4 ಲಕ್ಷ 68 ಸಾವಿರ. ನೋಂದಣಿಗೆ 30 ಸಾವಿರ. ಬ್ರೋಕರ್‌ಗೆ ಶೇ. 1ರಂತೆ 78 ಸಾವಿರ. ಒಟ್ಟು 21 ಲಕ್ಷ 36 ಸಾವಿರ. ಜುಲೈಯಲ್ಲಿ ಕೈಯಲ್ಲಿದ್ದದ್ದು 14 ಲಕ್ಷ. ಉಳಿದದ್ದು ಊರಿನ ಜಾಗದ ಪಾಲು ಮಾರಿ ಬರಬೇಕಿತ್ತು, ಅದಕ್ಕೆ ಅಣ್ಣ ಇನ್ನೂ ಸಹಿ ಹಾಕಿರಲಿಲ್ಲ. ಹೆಂಡತಿಗೆ ಹೇಳಲು ಮುಖವಿರಲಿಲ್ಲ. ಆಟಿ ಎಂದಾಗ ಒಂದು ತಿಂಗಳು ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವಾಗಿತ್ತು.

‘ಅಮ್ಮ ಬೇಡ ಅನ್ನದಿದ್ದರೂ ನಾನು ಟೋಕನ್ ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ಅದೂ ಹೋಗುತ್ತಿತ್ತು’ ಎಂದು ಆ ಸಂಜೆ ಅವರು ಹೇಳಿದರು.

ತಾಯಿ ಸ್ವಲ್ಪ ಹೊತ್ತು ಆ ಅಂಕಿಗಳನ್ನೇ ನೋಡಿ, ‘ಅಂದೇ ಹೇಳಬಾರದಿತ್ತಾ ಮಗಾ, ನನ್ನ ಕೈಯಲ್ಲಿ ನಾಲ್ಕು ಬಳೆ ಇತ್ತಲ್ಲ’ ಎಂದರು. ನಾಲ್ಕು ಬಳೆಯಿಂದ ಏಳು ಲಕ್ಷ ತುಂಬುತ್ತಿರಲಿಲ್ಲ, ಆ ಮಾತು ಬೇರೆ. ಪತ್ನಿ ಎರಡು ದಿನ ಗಂಡನೊಡನೆ ಮಾತು ಬಿಟ್ಟರು. ಮನೆ ಹೋದ ದುಃಖಕ್ಕಿಂತ ತನ್ನಿಂದ ಮುಚ್ಚಿಟ್ಟ ಸಿಟ್ಟು ದೊಡ್ಡದಾಗಿತ್ತು. ಆದರೆ ಸಿಟ್ಟಿಗೆ ಒಂದು ಕೊನೆಯಿರುತ್ತದೆ. ವಿಜಯದಶಮಿಯ ರಜೆ ಮುಗಿದು ಶಾಲೆ ತೆರೆದ ದಿನ ಅವರು ಹಳೆಯ ದಾರಿಯಲ್ಲೇ ನಡೆದರು. ಮೂರನೆಯ ಮಹಡಿಯ ಕಿಟಕಿಗೆ ನೀಲಿ ಪರದೆ ಬಂದಿತ್ತು. ‘ಒಂದು ನಿಮಿಷ ನಿಂತೆ. ಬೇರೆಯವರ ಮನೆ ಅಂತ ಆಗ ಅನಿಸಿತು’ ಎನ್ನುತ್ತಾರೆ.

ಬಳಿಕ ಅವರ ಹುಡುಕಾಟದ ರೀತಿಯೇ ಬದಲಾಯಿತು. ಮೊದಲು ಅಣ್ಣನ ಸಹಿ, ಆಮೇಲೆ ಬ್ಯಾಂಕಿನಿಂದ ಸಾಲ ಮಂಜೂರಾತಿ ಪತ್ರ, ಅನಂತರವೇ ಬ್ರೋಕರ್‌ಗೆ ಫೋನ್. ಮನೆಯ ಹಣ ಬೇರೆಯೇ ಖಾತೆಯಲ್ಲಿದೆ. ಅದರ ಪಾಸ್‌ಬುಕ್ ಇರುವುದು ಪತ್ನಿಯ ಕೈಯಲ್ಲಿ. ಆ ಮೊತ್ತಕ್ಕೆ ನಿಲುಕದ ಮನೆಯನ್ನು ಸುಮ್ಮನೆ ನೋಡಿ ಬರೋಣ ಎಂದೂ ಹೋಗುವುದಿಲ್ಲ. ಇದುವರೆಗೆ ನಾಲ್ಕು ಮನೆ ನೋಡಿಯಾಗಿದೆ, ಯಾವುದೂ ಆಗಿಲ್ಲ. ತಾಯಿಯೂ ಒಂದು ದಾರಿ ಕಂಡುಕೊಂಡಿದ್ದಾರೆ. ಆಟಿಯಲ್ಲಿ ಟೋಕನ್ ಕೊಟ್ಟರೆ ದೋಷವಿಲ್ಲವಂತೆ, ಹಾಲುಕ್ಕಿಸುವುದು ಸೋಣದಲ್ಲಾದರೆ ಸಾಕಂತೆ. ಮಗಳು ಈ ಸಲ ಗೆಳತಿಯರಿಗೆ ಏನನ್ನೂ ಹೇಳಿಲ್ಲ. ಪತ್ನಿ ಅಡುಗೆಮನೆಯೊಳಗೆ ಹೋಗುತ್ತಾರೆ, ನಲ್ಲಿ ತಿರುಗಿಸಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರೆ. ಕಟ್ಟೆಗೆ ಮಾತ್ರ ಗೇಣು ಹಾಕುವುದಿಲ್ಲ. ಅದು ರಸೀದಿ ಕೈಗೆ ಬಂದ ಮೇಲೆ.