ತಾಯಿಯ ಮೂಳೆಯಿಂದ ಮಗುವಿನ ಮಿದುಳಿಗೆ

ಜಪಾನಿನಲ್ಲಿ ಒಂದು ಹಳೆಯ ರೂಢಿಯಿದೆ. ಮಗು ಹುಟ್ಟಿದ ಕೆಲವು ದಿನಗಳಲ್ಲಿ ಉದುರಿ ಬೀಳುವ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಮರದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಾರೆ. ತಾಯಿ ಮಕ್ಕಳ ಋಣಾನುಬಂಧದ ಗುರುತು ಅದು. ಇಂಥ ಪುಟ್ಟ ಪೆಟ್ಟಿಗೆಗಳೇ ಮುಂದೊಂದು ದಿನ ವೈದ್ಯವಿಜ್ಞಾನದ ಒಂದು ದೊಡ್ಡ ನಂಬಿಕೆಯನ್ನು ಬುಡಮೇಲು ಮಾಡುವ ಸಾಕ್ಷ್ಯವಾಗುತ್ತವೆಂದು ಅವುಗಳನ್ನು ಎತ್ತಿಟ್ಟ ತಾಯಂದಿರಿಗೆ ಹೇಗೆ ತಿಳಿದಿರಬೇಕು?

ಕ್ಯೂಷು ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಿನಮಾತ ಎಂಬ ಸಣ್ಣ ಊರು. ಮೀನುಗಾರಿಕೆ ಅಲ್ಲಿನವರ ಕಸುಬು, ಮೀನೇ ಊಟ. ಊರಿನಲ್ಲಿದ್ದ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಆ ಕ್ರಿಯೆಗೆ ವೇಗವರ್ಧಕವಾಗಿ ಬಳಸುತ್ತಿದ್ದುದು ಪಾದರಸದ ಲವಣ. ಅದರಲ್ಲಿ ಸ್ವಲ್ಪ ಭಾಗ ಮೀಥೈಲ್ ಪಾದರಸವಾಗಿ ಮಾರ್ಪಟ್ಟು ಕೊಳಚೆ ನೀರಿನೊಡನೆ ಕೊಲ್ಲಿಯನ್ನು ಸೇರುತ್ತಿತ್ತು. ಸಮುದ್ರದ ಸೂಕ್ಷ್ಮ ಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದಂತೆಲ್ಲ ಅದರ ಸಾಂದ್ರತೆ ಹೆಚ್ಚುತ್ತಾ ಹೋಯಿತು.

ಮೊದಲು ಹುಚ್ಚೆದ್ದು ಕುಣಿದದ್ದು ಊರಿನ ಬೆಕ್ಕುಗಳು. ಆಮೇಲೆ ಮನುಷ್ಯರ ಸರದಿ. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ದೃಷ್ಟಿ ಕಿರಿದಾಗುವುದು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಹಾಜಿಮೆ ಹೊಸೊಕಾವಾ ಅವರ ಕಡೆಯಿಂದ ಆರೋಗ್ಯ ಇಲಾಖೆಗೆ ವರದಿ ಹೋಯಿತು: ಕಾರಣ ತಿಳಿಯದ ನರರೋಗವೊಂದು ಊರಿನಲ್ಲಿ ಹಬ್ಬುತ್ತಿದೆ ಎಂದು. ಇದೇ ವೈದ್ಯರು 1959ರಲ್ಲಿ ಕಾರ್ಖಾನೆಯ ಕೊಳಚೆಯನ್ನು ಆಹಾರಕ್ಕೆ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸಿದರು. ಪ್ರಯೋಗದ ದಾಖಲೆಯಲ್ಲಿ ಅದು 400ನೆಯ ಬೆಕ್ಕು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಕೊಳಚೆ ಸಮುದ್ರಕ್ಕೆ ಹರಿಯುವುದು ನಿಂತದ್ದು 1968ರಲ್ಲಿ. ಬೆಕ್ಕು ಸಾಕ್ಷಿ ಹೇಳಿ ಒಂಬತ್ತು ವರ್ಷ ಕಳೆದಿತ್ತು!

ಇಷ್ಟು ಕತೆ ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ಅಷ್ಟಾಗಿ ಹೇಳದೆ ಬಿಡುವುದು ಮಕ್ಕಳ ಕತೆಯನ್ನು.

1961ರ ಸುಮಾರಿಗೆ ಕುಮಾಮೊತೊ ವಿಶ್ವವಿದ್ಯಾಲಯದ ತರುಣ ವೈದ್ಯ ಮಸಾಜುಮಿ ಹರಾದ ಮಿನಮಾತದ ಮನೆಗಳನ್ನು ಸುತ್ತುತ್ತಿದ್ದರು. ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರು ಹುಡುಗರು. ಇಬ್ಬರಿಗೂ ಒಂದೇ ಬಗೆಯ ತೊಂದರೆ. ಅಣ್ಣನಿಗೆ ಮಿನಮಾತ ರೋಗವೆಂದು ವೈದ್ಯರು ಒಪ್ಪಿದ್ದರು. ತಮ್ಮನಿಗೆ ಮಾತ್ರ ಹುಟ್ಟಿನಿಂದ ಬಂದ ಮಿದುಳಿನ ಪಾರ್ಶ್ವವಾಯು ಎಂಬ ಹಣೆಪಟ್ಟಿ. ಏಕೆಂದರೆ ಅವನು ಹುಟ್ಟಿದಾಗಿನಿಂದ ಮೀನು ತಿಂದೇ ಇರಲಿಲ್ಲ. ಆ ತಾಯಿಯ ವಾದ ಸರಳವಾಗಿತ್ತು. ಅವನು ತಿನ್ನದಿದ್ದರೇನು, ಅವನು ಹೊಟ್ಟೆಯಲ್ಲಿದ್ದಾಗ ತಾನು ತಿಂದಿದ್ದೆನಲ್ಲ, ಆ ವಿಷ ಅವನಿಗೆ ಹೋಗಿರಬೇಕಲ್ಲ ಎಂದಳು ಆಕೆ.

ಆ ಕಾಲದ ವೈದ್ಯಶಾಸ್ತ್ರ ಇದನ್ನು ಒಪ್ಪುವಂತಿರಲಿಲ್ಲ. ಮಾಸು, ಅಂದರೆ ಜರಾಯು, ಒಂದು ಕೋಟೆ. ತಾಯಿಗೆ ವಿಷ ತಗಲಿದರೂ ಅದು ಕೂಸನ್ನು ಕಾಯುತ್ತದೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಕೋಟೆಯ ಗೋಡೆ ಬಿರುಕು ಬಿಟ್ಟ ಕಾಲವೂ ಅದೇ. ಬಸುರಿಯರ ವಾಕರಿಕೆಗೆಂದು ಕೊಡುತ್ತಿದ್ದ ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿರುವುದು ಬಯಲಾಗಿ, 1961ರ ಕೊನೆಗೆ ಜರ್ಮನಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಮರುವರ್ಷ, ಅಂದರೆ 1962ರಲ್ಲಿ, ಮಿನಮಾತದ 16 ಮಕ್ಕಳಿಗೆ ಗರ್ಭದಲ್ಲೇ ಪಾದರಸದ ವಿಷ ತಗಲಿದೆಯೆಂದು ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು. ಅಕ್ಷರ ಕಲಿತ ವೈದ್ಯರಿಗಿಂತ ಮೊದಲು ಸತ್ಯ ಹೊಳೆದದ್ದು ಒಬ್ಬ ಬೆಸ್ತರ ಹೆಂಗಸಿಗೆ.

ಆದರೂ ಅನುಮಾನ ಉಳಿದಿತ್ತು. ಹುಟ್ಟಿ ಹತ್ತಾರು ವರ್ಷವಾದ ಮಕ್ಕಳ ಗರ್ಭಕಾಲದ ವಿಷವನ್ನು ಅಳೆಯುವುದು ಹೇಗೆ? ಆಗ ಹರಾದ ಅವರ ನೆನಪಿಗೆ ಬಂದದ್ದು ಮರದ ಪೆಟ್ಟಿಗೆಗಳು. ಮನೆಮನೆಗೆ ಹೋಗಿ ಹೊಕ್ಕುಳಬಳ್ಳಿಯ ತುಂಡುಗಳನ್ನು ಬೇಡಿ ತಂದರು. ಪೆಟ್ಟಿಗೆ ಯಾವ ಮಗುವಿನದೆಂಬುದು ಗೊತ್ತು, ಮಗು ಹುಟ್ಟಿದ ದಿನವೂ ಗೊತ್ತು. ಪರೀಕ್ಷಿಸಿದಾಗ, ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ಉತ್ಪಾದನೆ ಏರಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಬಳ್ಳಿಯಲ್ಲಿ ಮೀಥೈಲ್ ಪಾದರಸವೂ ಏರಿತ್ತು. ಉತ್ಪಾದನೆ ಇಳಿದಾಗ ಅದೂ ಇಳಿದಿತ್ತು.

ಇನ್ನೂ ಕರುಳು ಹಿಂಡುವ ಸಂಗತಿಯೊಂದಿದೆ. ತೀವ್ರ ಅಂಗವಿಕಲರಾಗಿ ಹುಟ್ಟಿದ ಎಷ್ಟೋ ಮಕ್ಕಳ ತಾಯಂದಿರಿಗೆ ರೋಗದ ಲಕ್ಷಣ ಕಂಡದ್ದು ತೀರ ಅಲ್ಪ. ತನ್ನೊಳಗಿನ ವಿಷವನ್ನೆಲ್ಲ ಈ ಕೂಸು ಹೀರಿಕೊಂಡು ತನ್ನನ್ನೂ ಮುಂದಿನ ಮಕ್ಕಳನ್ನೂ ಉಳಿಸಿತೆಂದು ಅಂಥ ಮಗುವನ್ನು ಮನೆಯ ನಿಧಿ ಎಂದೇ ಕರೆದ ಸಂಸಾರವೂ ಅಲ್ಲಿತ್ತು. ಇದು ಬರಿಯ ಭಾವುಕತೆಯಲ್ಲ. ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡಾಗ ಅದರ ಆಕಾರ ಮೀಥಿಯೊನೀನ್ ಎಂಬ ಇನ್ನೊಂದು ಅಮೈನೋ ಆಮ್ಲದಂತೆ ಕಾಣುತ್ತದೆ. ಕೂಸಿನ ಬೆಳವಣಿಗೆಗೆ ಮೀಥಿಯೊನೀನ್ ಬೇಕೇ ಬೇಕು. ಹಾಗಾಗಿ ಮಾಸು ಈ ವೇಷಧಾರಿಯನ್ನು ತಡೆಯುವ ಬದಲು ತಾನೇ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸದ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಸರಾಸರಿ ಒಂದೂಮುಕ್ಕಾಲು ಪಟ್ಟಿನಷ್ಟಿರುತ್ತದೆ. ಮಿದುಳಿನ ಕೋಶಗಳು ಹುಟ್ಟಿ, ತಮ್ಮ ತಮ್ಮ ಜಾಗಕ್ಕೆ ಸರಿದು, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಸಮಯ ಅದು. ಆಗ ತಪ್ಪಿದ ಜೋಡಣೆಯನ್ನು ಆಮೇಲೆ ಸರಿಪಡಿಸುವ ಔಷಧಿಯಿಲ್ಲ.

ಹಾಗೆಂದು ಬಸುರಿಯರು ಮೀನನ್ನೇ ಬಿಡಬೇಕೆ? ಬೇಡ. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ ತಿಮಿಂಗಿಲದ ಮಾಂಸ ತಿನ್ನುತ್ತಿದ್ದ ತಾಯಂದಿರ ಸುಮಾರು ಸಾವಿರ ಮಕ್ಕಳನ್ನು ಫಿಲಿಪ್ ಗ್ರಾಂಡ್‌ಜೀನ್ ಮತ್ತು ಸಂಗಡಿಗರು 1986ರಿಂದ ಗಮನಿಸುತ್ತಾ ಬಂದರು. ಏಳನೆಯ ವಯಸ್ಸಿನಲ್ಲಿ ಆ ಮಕ್ಕಳ ಗಮನ, ಭಾಷೆ, ನೆನಪಿನ ಶಕ್ತಿಯಲ್ಲಿ ಸಣ್ಣ ಆದರೆ ಸ್ಪಷ್ಟ ಕೊರತೆ ಕಂಡಿತು. ಆದರೆ ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲಿ ಸಾಧಾರಣ ಸಮುದ್ರದ ಮೀನನ್ನು ದಿನವೂ ತಿನ್ನುವ ತಾಯಂದಿರ ಮಕ್ಕಳಲ್ಲಿ ಅಂಥ ಕೊರತೆ ಖಚಿತವಾಗಿ ಕಾಣಲಿಲ್ಲ. ಮೀನಿನಲ್ಲಿರುವ ಒಳ್ಳೆಯ ಕೊಬ್ಬು ಮಿದುಳಿಗೆ ಬೇಕಾದದ್ದೇ. ಶಾರ್ಕ್‌ನಂಥ, ಬಹುಕಾಲ ಬದುಕಿ ಬೇರೆ ಮೀನುಗಳನ್ನು ತಿಂದು ಕೊಬ್ಬಿದ ದೊಡ್ಡ ಮೀನು ಬೇಡ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳಂಥ ಸಣ್ಣ ಮೀನುಗಳಿಗೆ ಈ ಅಂಜಿಕೆ ಇಲ್ಲ.

ಪಾದರಸ ಊಟದಿಂದ ಬರುತ್ತದೆ, ಊಟ ಬದಲಿಸಿದರೆ ಕೆಲವು ತಿಂಗಳಲ್ಲಿ ದೇಹದಿಂದ ಕಡಿಮೆಯಾಗುತ್ತದೆ. ಸೀಸದ ಕತೆ ಬೇರೆ. ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದ ಕತೆಯೂ ಅದೇ.

ಸೀಸದಿಂದ ಬಸುರಿಗೆ ಕೇಡೆಂಬುದು ಹೊಸ ವಿಷಯವಲ್ಲ. ಮುದ್ರಣಾಲಯದ ಅಕ್ಷರದ ಮೊಳೆಗಳನ್ನು ಸೀಸದ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದ ಕಾಲದಲ್ಲಿ, ಆ ಕೆಲಸದ ಹೆಂಗಸರಿಗೆ ಗರ್ಭಪಾತ ಹೆಚ್ಚೆಂದು ಫ್ರಾನ್ಸಿನ ವೈದ್ಯ ಕಾನ್‌ಸ್ಟಾಂಟಿನ್ ಪಾಲ್ 1860ರಲ್ಲೇ ಬರೆದಿದ್ದರು. ಅಚ್ಚರಿಯ ಸಂಗತಿಯೆಂದರೆ, ಬಸಿರಿನಲ್ಲಿ ಸೀಸದ ಹತ್ತಿರ ಸುಳಿಯದ ಹೆಂಗಸಿನಿಂದಲೂ ಕೂಸಿಗೆ ಸೀಸ ಹೋಗಬಲ್ಲದು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇರುವುದು ಮೂಳೆಯಲ್ಲೇ. ಗಟ್ಟಿ ಮೂಳೆಯಲ್ಲಿ ಅದು ಹತ್ತಾರು ವರ್ಷ ತಂಗುತ್ತದೆ. ಕೂಸಿನ ಎಲುಬು ಕಟ್ಟಲು ಕ್ಯಾಲ್ಸಿಯಂ ಬೇಕಾಗಿ, ತಾಯಿಯ ಊಟದಲ್ಲಿ ಅದು ಸಾಲದಿದ್ದಾಗ, ದೇಹ ಮೂಳೆಯ ತಿಜೋರಿಯನ್ನೇ ತೆರೆಯುತ್ತದೆ. ಕ್ಯಾಲ್ಸಿಯಂ ಜತೆಗೆ ಹಳೆಯ ಸೀಸವೂ ರಕ್ತಕ್ಕಿಳಿಯುತ್ತದೆ. ಮಾಸು ಅದನ್ನು ತಡೆಯುವುದಿಲ್ಲ.

ಇದನ್ನು ತೋರಿಸಿದ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು. ಸೀಸಕ್ಕೆ 204, 206, 207, 208 ಎಂಬ ನಾಲ್ಕು ಸ್ಥಿರ ಐಸೊಟೋಪುಗಳಿವೆ. ಕೊನೆಯ ಮೂರು, ಯುರೇನಿಯಂ ಮತ್ತು ಥೋರಿಯಂ ಕ್ಷಯಿಸಿದಾಗ ಹುಟ್ಟುತ್ತಲೇ ಇರುತ್ತವೆ. 204 ಮಾತ್ರ ಹೆಚ್ಚುವುದಿಲ್ಲ. ಆದ್ದರಿಂದ ಪ್ರತಿಯೊಂದು ಗಣಿಯ ಸೀಸಕ್ಕೂ ಅದರದೇ ಆದ ಅನುಪಾತ, ಒಂದು ಬಗೆಯ ಹೆಬ್ಬೆರಳ ಗುರುತು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಅದಿರು ಸುಮಾರು 170 ಕೋಟಿ ವರ್ಷ ಹಳೆಯದು. ಅದರ ಗುರುತು ಉಳಿದ ಸೀಸಗಳಿಗಿಂತ ಬೇರೆಯಾಗಿಯೇ ಇದೆ. ಬ್ರಯಾನ್ ಗಲ್ಸನ್ ಎಂಬ ವಿಜ್ಞಾನಿ ಬೇರೆ ದೇಶಗಳಿಂದ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ ಹೆಂಗಸರ ರಕ್ತವನ್ನು ಬಸಿರಿಗೆ ಮುಂಚೆಯೂ, ಬಸಿರಿನಲ್ಲೂ, ಬಾಣಂತನದಲ್ಲೂ ಪರೀಕ್ಷಿಸಿದರು. ಅವರು ತಿನ್ನುವ ಅನ್ನ, ಕುಡಿಯುವ ನೀರು, ಉಸಿರಾಡುವ ಗಾಳಿ ಎಲ್ಲ ಆಸ್ಟ್ರೇಲಿಯಾದ್ದೇ. ಆದರೆ ಬಸಿರಿನಲ್ಲಿ ಅವರ ರಕ್ತದ ಸೀಸ ಏರಿದಾಗ ಅದರ ಗುರುತು ತವರಿನದಾಗಿತ್ತು! ಹುಡುಗಿಯಾಗಿದ್ದಾಗ ಮೂಳೆ ಸೇರಿದ್ದ ಲೋಹ, ಸಮುದ್ರ ದಾಟಿ ಬಂದಮೇಲೆ ಹೊರಬಿದ್ದಿತ್ತು. ಈ ಫಲಿತಾಂಶ ಪ್ರಕಟವಾದದ್ದು 1997ರಲ್ಲಿ.

ಇದನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡಬೇಕು. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸ ಸಿಕ್ಕಿತ್ತು. ಇಂದು 5 ಮೈಕ್ರೊಗ್ರಾಂ ಇದ್ದರೇ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿಯೇ ಇಲ್ಲವೆಂದೂ ಅದು ಹೇಳುತ್ತದೆ. ಅಂದು ಆಟೊರಿಕ್ಷಾಗಳ ಹೊಗೆ ಕುಡಿಯುತ್ತಾ ಶಾಲೆಗೆ ಹೋದ ಹುಡುಗಿಯರೇ ಇಂದಿನ ತಾಯಂದಿರು.

ತಾಯಿಯ ಇನ್ನೊಂದು ಕೊರತೆಯೂ ಸೀಸಕ್ಕೆ ಬಾಗಿಲು ತೆರೆಯುತ್ತದೆ. ಅದು ರಕ್ತಹೀನತೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಅದನ್ನು ಹೀರುವ ದ್ವಾರಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಕಬ್ಬಿಣಕ್ಕೆಂದು ತೆರೆದ ಬಾಗಿಲಲ್ಲಿ ಕ್ಯಾಡ್ಮಿಯಂ, ಸೀಸಗಳೂ ನುಸುಳುತ್ತವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ರಕ್ತಹೀನತೆಯಿಂದ ಮಣ್ಣು, ಮಡಕೆ ಚೂರು, ಸುಣ್ಣದ ಹೆಕ್ಕಳೆ ತಿನ್ನುವ ಚಪಲ ಹುಟ್ಟುವುದೂ ಉಂಟು. ಬಯಕೆಯೆಂದು ನಕ್ಕು ಸುಮ್ಮನಾಗುವ ಬದಲು ಮನೆಯವರು ರಕ್ತಪರೀಕ್ಷೆ ಮಾಡಿಸುವುದು ಲೇಸು.

ಮನೆಯೊಳಗಿನ ದಾರಿಗಳನ್ನು ಹುಡುಕಿದವರಿಗೆ ಬಾಂಗ್ಲಾದೇಶದಲ್ಲಿ ಸಿಕ್ಕ ಉತ್ತರ ಯಾರೂ ಊಹಿಸದಂಥದು. ಅಲ್ಲಿನ ಹಳ್ಳಿಗಳ ಬಸುರಿಯರಲ್ಲಿ ಸುಮಾರು ಮೂರರಲ್ಲೊಬ್ಬರ ರಕ್ತದಲ್ಲಿ ಸೀಸ ಹೆಚ್ಚಿತ್ತು. ಸುತ್ತಮುತ್ತ ಕಾರ್ಖಾನೆಯಿಲ್ಲ, ವಾಹನ ದಟ್ಟಣೆಯಿಲ್ಲ. ಕೀಟನಾಶಕವೇ, ಡಬ್ಬಿಗಳ ಬೆಸುಗೆಯೇ ಎಂದು ಒಂದೊಂದಾಗಿ ಶೋಧಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮತ್ತು ಢಾಕಾದ ಸಂಶೋಧಕರು, ಮತ್ತೆ ಅದೇ ಐಸೊಟೋಪಿನ ಗುರುತು ಹಿಡಿದು ಹೋದಾಗ ತಲುಪಿದ್ದು ಅಡುಗೆಮನೆಯ ಅರಿಶಿನದ ಡಬ್ಬಿಗೆ. 1980ರ ದಶಕದಲ್ಲಿ ನೆರೆ ಬಂದು ಅರಿಶಿನ ಸರಿಯಾಗಿ ಒಣಗದೆ ಕಪ್ಪಾದಾಗ, ಹೊಳಪು ಕೊಡಲು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಉಜ್ಜುವುದು ಶುರುವಾಗಿತ್ತು. ನೆರೆ ಇಳಿಯಿತು, ಅಭ್ಯಾಸ ಉಳಿಯಿತು. ಬಣ್ಣ ಹಚ್ಚುತ್ತಿದ್ದುದು ಕೊಂಬಿಗೇ ಆದ್ದರಿಂದ, ಪುಡಿ ಬೇಡ, ಕೊಂಬು ತಂದು ಮನೆಯಲ್ಲೇ ಕುಟ್ಟಿದರೆ ಶುದ್ಧ ಎಂಬ ಗೃಹಿಣಿಯರ ಲೆಕ್ಕವೂ ಅಲ್ಲಿ ತಪ್ಪಿತು.

2019ರಲ್ಲಿ ಈ ಸಂಗತಿ ಪ್ರಕಟವಾದ ಮೇಲೆ ಅಲ್ಲಿನ ಸರ್ಕಾರ ಸುಮ್ಮನೆ ಕೂರಲಿಲ್ಲ. ಸಗಟು ಮಾರುಕಟ್ಟೆಯ ಮೇಲೆ ದಾಳಿ ಮಾಡಿ, ಸ್ಥಳದಲ್ಲೇ ಪರೀಕ್ಷಿಸಿ, ವ್ಯಾಪಾರಿಗಳಿಗೆ ದಂಡ ಹಾಕಿ, ಅದನ್ನು ಪತ್ರಿಕೆ, ಟಿ.ವಿ.ಗಳಲ್ಲಿ ಪ್ರಚಾರ ಮಾಡಿತು. 2019ರಲ್ಲಿ ಮಾರುಕಟ್ಟೆಯ ನೂರು ಮಾದರಿಗಳಲ್ಲಿ 47ರಲ್ಲಿ ಸಿಗುತ್ತಿದ್ದ ಸೀಸ 2021ರ ಹೊತ್ತಿಗೆ ಸೊನ್ನೆಗಿಳಿಯಿತು. ಭಾರತದ ಪಟ್ನಾ, ಗುವಾಹಟಿಗಳ ಬಿಡಿ ಅರಿಶಿನದಲ್ಲಿ ಸೀಸ ವಿಪರೀತ ಇರುವುದು ಆಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕಣ್ಣು ಕೋರೈಸುವಷ್ಟು ಹಳದಿಯಾದ ಕೊಂಬನ್ನು ಅನುಮಾನಿಸುವುದೇ ಜಾಣತನ.

ಉಳಿದ ದಾರಿಗಳೂ ನಮಗೆ ಪರಿಚಿತವೇ. ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆಯಲ್ಲಿ ಸೀಸವಿಲ್ಲ. ಆದರೆ ಸುರ್ಮಾ ಎಂದರೆ ಹಲವೊಮ್ಮೆ ಸೀಸದ ಸಲ್ಫೈಡ್ ಅದಿರಿನ ಪುಡಿಯೇ. ಅರಿಶಿನ, ಸುಣ್ಣದಿಂದ ಮಾಡಿದ ಕುಂಕುಮಕ್ಕೂ ಸೀಸದ ಆಕ್ಸೈಡಾದ ಸಿಂಧೂರಕ್ಕೂ ಹೆಸರಿನಲ್ಲಿ ಗೊಂದಲವಿದೆ, ಗುಣದಲ್ಲಿ ಅಜಗಜಾಂತರ. ಹಿತ್ತಾಳೆ ಪಾತ್ರೆಯ ಕಲಾಯಿಗೆ ಬಳಸುವ ತವರದಲ್ಲಿ ಸೀಸ ಬೆರೆತಿರಬಹುದು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸದಿಂದ ಗಂಡ ಬಟ್ಟೆ ಬದಲಿಸದೆ ಮನೆಗೆ ಬಂದರೆ, ದೂಳು ಅವನೊಡನೆ ಬರುತ್ತದೆ. 2011-12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ರಕ್ತದಲ್ಲಿ ಸೀಸ ಹೆಚ್ಚಿದ್ದ ಆರು ಬಸುರಿಯರನ್ನು ಪತ್ತೆಮಾಡಿತು. ಅವರೆಲ್ಲ ಭಾರತದಿಂದ ತರಿಸಿದ ಮಾತ್ರೆಗಳನ್ನು ಆಯುರ್ವೇದದ ಹೆಸರಿನಲ್ಲಿ ನುಂಗುತ್ತಿದ್ದವರು. ಭಸ್ಮ, ಸಿಂಧೂರಗಳಿರುವ ಔಷಧಿಯನ್ನು ಬಸಿರಿನಲ್ಲಿ ತಾವಾಗಿಯೇ ತೆಗೆದುಕೊಳ್ಳುವುದು ಅಪಾಯ, ಅದನ್ನು ಕೊಟ್ಟವರು ಎಷ್ಟೇ ಆಪ್ತರಾಗಿರಲಿ.

ಮೂಳೆಯಲ್ಲಿ ಆಗಲೇ ಕುಳಿತಿರುವ ಸೀಸಕ್ಕೆ ಏನು ಮಾಡುವುದು? ಅದನ್ನು ತೆಗೆಯಲಾಗದು, ಅಲ್ಲೇ ಇರುವಂತೆ ಮಾಡಲು ಸ್ವಲ್ಪ ಮಟ್ಟಿಗೆ ಸಾಧ್ಯ. ಮೆಕ್ಸಿಕೊ ನಗರದ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಅವರ ರಕ್ತದ ಸೀಸ ಸರಾಸರಿ ನೂರಕ್ಕೆ 11ರಷ್ಟು ಇಳಿಯಿತು. ಊಟದಿಂದಲೇ ಸಾಕಷ್ಟು ಕ್ಯಾಲ್ಸಿಯಂ ದೊರೆತರೆ ದೇಹ ತಿಜೋರಿಗೆ ಕೈಹಾಕುವುದು ಕಡಿಮೆ. ರಾಗಿಮುದ್ದೆ, ಹಾಲು, ಮೊಸರು, ನುಗ್ಗೆಸೊಪ್ಪು ಇದಕ್ಕೆ ಒಳ್ಳೆಯವು. ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಬಸುರಿಯರಿಗೆ ಉಚಿತವಾಗಿ ಕೊಡುವ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ತಲಾ 500 ಮಿಲಿಗ್ರಾಂ. ಕಬ್ಬಿಣದ ಮಾತ್ರೆ ದಿನಕ್ಕೊಂದು, 180 ದಿನ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಎಷ್ಟೋ ಮಂದಿ ಕಬ್ಬಿಣದ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುತ್ತಾರೆ. ಮಲ ಕಪ್ಪಾಗುವುದರಿಂದ ತೊಂದರೆಯೇನಿಲ್ಲ. ತೊಳಸುವವರು ಊಟವಾದ ಒಂದು ಗಂಟೆಯ ಮೇಲೆ ನುಂಗಬಹುದು. ಎರಡು ಬಗೆಯ ಮಾತ್ರೆಯನ್ನು ಒಟ್ಟಿಗೆ ನುಂಗಿದರೆ ಮಾತ್ರ ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಆದ್ದರಿಂದ ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ, ಟೀ ಬೇಡ. ಒಂದು ಲೋಟ ನಿಂಬೆ ಪಾನಕವಾದರೆ ಒಳ್ಳೆಯದು.