ಬೆಳಗಿನ ಬಯಲಿಗೊಮ್ಮೆ ಬನ್ನಿ



ದಸರೆ ಮುಗಿದು ದೀಪಾವಳಿ ಇನ್ನೂ ಬಾರದ ಒಂದು ಭಾನುವಾರ, ನಸುಕಿನಲ್ಲೇ ಎದ್ದು ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿಯಿರಿ. ಚೌಫುಲಾದಲ್ಲಿ ಬಲಕ್ಕೆ ತಿರುಗಿದರೆ ಬಾರಾಮತಿ ತಾಲೂಕಿನ ಸುಪೆ ಸಿಗುತ್ತದೆ. ಅಲ್ಲಿದೆ ಮಯೂರೇಶ್ವರ ಅಭಯಾರಣ್ಯ. ಅರಣ್ಯವೆಂದು ಹೆಮ್ಮರಗಳನ್ನು ಹುಡುಕಬೇಡಿ. ಐದು ಚದರ ಕಿಲೋಮೀಟರಿನಷ್ಟು ಏರಿಳಿಯುವ ಹುಲ್ಲುಗಾವಲು, ನಡುನಡುವೆ ಕುರುಚಲು ಗಿಡ, ಅದೃಷ್ಟವಿದ್ದರೆ ಚಿಂಕಾರ. ಮರಾಠಿಯವರು ಇಂಥ ಬಯಲಿಗೆ ಮಾಳರಾನ್ ಎನ್ನುತ್ತಾರೆ.

ಮೊದಲ ಹತ್ತು ನಿಮಿಷ ‘ಇಲ್ಲೇನಿದೆ?’ ಅನ್ನಿಸುವುದು ಸಹಜ. ಮಾತು ನಿಲ್ಲಿಸಿ, ಸೂರ್ಯನಿಗೆ ಬೆನ್ನು ಮಾಡಿ, ದಾರಿ ಬಿಡದೆ ನಿಧಾನವಾಗಿ ನಡೆಯಿರಿ. ನೀವು ಹಕ್ಕಿಯನ್ನು ನೋಡುವ ಮೊದಲೇ ಟಿಟ್ಟಿಭ ನಿಮ್ಮನ್ನು ನೋಡಿ ಕೂಗಿ ಊರಿಗೆಲ್ಲ ಸಾರಿರುತ್ತದೆ. ಮರಾಠಿಯಲ್ಲಿ ಅದು ಟಿಟವಿ. ಹೆಸರಿನಲ್ಲೇ ಕೂಗು ಕೇಳಿಸುತ್ತದಲ್ಲವೇ? ತಂತಿಯ ಮೇಲೆ ಕವಲುಬಾಲದ ಕಾಜಾಣ. ಬೇಲಿಗೂಟದ ಮೇಲೆ ಮಂಕಾಗಿ ಕುಳಿತ ಇನ್ನೊಂದು ಹಕ್ಕಿ ರೆಕ್ಕೆ ಬಿಚ್ಚಿತೋ, ಕಣ್ಣು ಕೋರೈಸುವ ನೀಲಿ! ಅದೇ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ.

ಆಮೇಲೆ, ಹುಲ್ಲಿನ ತುದಿ ಸವರುವಂತೆ ತೇಲಿ ಬರುವ ಸೆಳೆವವನ್ನು ನೋಡಿ. ಗಿಡುಗದ ಬಳಗದ ಈ ಹಕ್ಕಿ ಕಜಕಸ್ತಾನದಂಥ ದೂರದ ಹುಲ್ಲುಬಯಲುಗಳಿಂದ ಮಳೆಗಾಲದ ಕೊನೆಗೆ ಬಂದು, ಬೇಸಿಗೆ ಬಲಿಯುವಷ್ಟರಲ್ಲಿ ಹಿಂದಿರುಗುತ್ತದೆ. ಹಗಲೆಲ್ಲ ಮಿಡತೆ, ಇಲಿ ಹಿಡಿಯುತ್ತದೆ. ರಾತ್ರಿ ಮರ ಹುಡುಕುವುದಿಲ್ಲ. ಗುಂಪಾಗಿ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತದೆ. ಹುಲ್ಲು ಹೋದರೆ ಅದಕ್ಕೆ ಹಾಸಿಗೆಯೂ ಇಲ್ಲ, ಊಟವೂ ಇಲ್ಲ.

ಹುಲ್ಲು ಹೋಗುತ್ತಲೇ ಇದೆ. ಸರಕಾರಿ ಲೆಕ್ಕದಲ್ಲಿ ಇಂಥ ಎಷ್ಟೋ ಬಯಲುಗಳು ಬರೀ ‘ಪಾಳು ಭೂಮಿ’. ಪಾಳು ಎಂದಮೇಲೆ ಕಾರ್ಖಾನೆ ಬಂದರೂ, ಬಡಾವಣೆ ಎದ್ದರೂ ಕೇಳುವವರಿಲ್ಲ. ಸೊಲ್ಲಾಪುರದ ಬಳಿ ನಾನ್ನಜ್‌ನಲ್ಲಿ 1979ರಲ್ಲಿ ಎರೆಭೂತ ಹಕ್ಕಿಗಾಗಿಯೇ ಅಭಯಾರಣ್ಯ ಮಾಡಿದರು. ಸುಮಾರು ಮೀಟರ್ ಎತ್ತರದ ಆ ಹಕ್ಕಿ ಈಗ ಅಲ್ಲಿ ಕಾಣುವುದೇ ಅಪರೂಪ. ದೇಶದಲ್ಲಿ ಸ್ವತಂತ್ರವಾಗಿ ಬದುಕಿರುವುದು ಇನ್ನೂರರೊಳಗೆ, ಹೆಚ್ಚಿನವು ರಾಜಸ್ಥಾನದಲ್ಲಿ.

ಇನ್ನೊಂದು ಮಾತು. ‘ಖಾಲಿ ಬಯಲಿದೆ, ಗಿಡ ನೆಡೋಣ’ ಎಂಬ ಉತ್ಸಾಹ ನಿಮ್ಮಲ್ಲಿ ಯಾರಿಗಾದರೂ ಬಂದರೆ ಸ್ವಲ್ಪ ತಡೆಯಿರಿ. ನಗರದ ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಧಾರಾಳವಾಗಿ ನೆಡಿ. ಹುಲ್ಲುಗಾವಲಿನಲ್ಲಿ ಬೇಡ. ಅದು ಖಾಲಿ ಅಲ್ಲ. ಬಯಲಿನ ಹಕ್ಕಿಗೆ ತೋಪು ಪರದೇಶ.

ಬರುವಾಗ ಕೈಯಲ್ಲೊಂದು ನೋಟ್‌ಬುಕ್ ಇರಲಿ, ಸಾಧ್ಯವಾದರೆ ದುರ್ಬೀನು. ಕಂಡ ಹಕ್ಕಿಯ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಳ್ಳಿ. ಗೊತ್ತಾಗದಿದ್ದರೆ ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ, “ಕವಲುಬಾಲದ ಕರಿಹಕ್ಕಿಗೆ ನಮ್ಮ ಕಡೆ ಏನಂತಾರೆ?” ಎಂದು ಕೇಳಿ. ಹೀಗೆ ಹತ್ತು ಹೆಸರು ಕಲಿತ ಮೇಲೆ ಆ ಬಯಲನ್ನು ಪಾಳು ಎನ್ನಲು ನಿಮಗೆ ಬಾಯಿ ಬಾರದು.