ಕಂಪವಾತದ ನಿದಾನ ಮತ್ತು ಚಿಕಿತ್ಸೆಯಲ್ಲಿ ವ್ಯಕ್ತಿವಿಶಿಷ್ಟ ವಿವೇಚನೆ

ದೇಹ ನಡುಗುವ ಕಾಯಿಲೆಗಳನ್ನು ದೇಶೀಯ ವೈದ್ಯ ಪರಂಪರೆಯು ‘ಕಂಪವಾತ’ ಎಂದು ಕರೆಯುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ವಿವರಗಳೊಂದಿಗೆ ನಿರೂಪಿಸಿದ ಕಾಯಿಲೆಯನ್ನೂ ಇಂದು ಇದೇ ಹೆಸರಿನಿಂದ ಗುರುತಿಸುವ ರೂಢಿಯಿದೆ. ಆದರೆ ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ. ಲೋಟ ಎತ್ತುವಾಗ ಹೆಚ್ಚುವ ನಡುಕ ಬಹುಮಟ್ಟಿಗೆ ಬೇರೆ ಕಾಯಿಲೆಯದು. ಪಾರ್ಕಿನ್ಸನ್ನಿನ ನಡುಕ ಕೈ ವಿಶ್ರಾಂತಿಯಲ್ಲಿರುವಾಗ ಎದ್ದು ಕಾಣುತ್ತದೆ. ಕೆಲವು ರೋಗಿಗಳಲ್ಲಿ ನಡುಕವೇ ಇರುವುದಿಲ್ಲ.

ನಿದಾನದ ಮುಖ್ಯ ಆಧಾರ ಚಲನೆಯ ನಿಧಾನಗತಿ. ಅದರೊಡನೆ ನಡುಕ ಅಥವಾ ಸ್ನಾಯುಗಳ ಬಿಗಿತವಿರಬೇಕು. ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ತಿಳಿಯದು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ಹಲವರಲ್ಲಿ ವರ್ಷಗಳ ಮೊದಲೇ ಕಾಣಿಸಿಕೊಂಡಿರುತ್ತವೆ. ಆದ್ದರಿಂದ ರೋಗಿಯ ಹಾಗೂ ಮನೆಯವರ ನಿರೂಪಣೆಯೇ ಇಲ್ಲಿ ಮಹತ್ವದ ಸಾಕ್ಷ್ಯ.

ಮೆದುಳಿನಲ್ಲಿ ಡೋಪಮೈನ್ ಕುಂದುವುದೇ ಚಲನೆಯ ತೊಂದರೆಗಳಿಗೆ ಪ್ರಧಾನ ಕಾರಣವೆಂಬುದು 1960ರಲ್ಲಿ ಹಾರ್ನಿಕೀವಿಚ್ ಅವರ ಸಂಶೋಧನೆಯಿಂದ ತಿಳಿಯಿತು. 1967ರಲ್ಲಿ ಕಾಟ್ಜಿಯಾಸ್ ಡೋಪಾ ಔಷಧದ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಿ ಯಶಸ್ಸು ಕಂಡರು. ಇದೇ ಲೆವೊಡೋಪಾ ನಸುಗುನ್ನಿ ಬೀಜದಲ್ಲಿದೆ ಎಂಬುದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ತೋರಿಸಿದ್ದರು. 2004ರಲ್ಲಿ ಪ್ರಕಟವಾದ, ಎಂಟು ರೋಗಿಗಳ ಸಣ್ಣ ಪ್ರಯೋಗವೊಂದರಲ್ಲಿ ಈ ಬೀಜದ ಪುಡಿ ಮಾತ್ರೆಗಿಂತ ಬೇಗ ಪರಿಣಾಮ ಬೀರಿತು.

ಆದರೆ ಬೀಜದಲ್ಲಿರುವ ಲೆವೊಡೋಪಾದ ಅಂಶ ತಳಿ ಹಾಗೂ ಸಂಸ್ಕರಣೆಗೆ ಅನುಗುಣವಾಗಿ ಬದಲಾಗುತ್ತದೆ. ಒಂದೇ ಚಮಚ ಪುಡಿ ಒಂದೇ ಪ್ರಮಾಣದ ಔಷಧವಲ್ಲ. ವೈದ್ಯರಿಗೆ ತಿಳಿಸದೆ ಮಾತ್ರೆಯೊಡನೆ ಅದನ್ನು ಸೇವಿಸಿದರೆ ರಕ್ತದೊತ್ತಡ ಕುಸಿಯಬಹುದು, ಅಂಗಗಳು ಅಂಕೆಯಿಲ್ಲದೆ ಚಲಿಸಬಹುದು, ಭ್ರಮೆಗಳು ಉಂಟಾಗಬಹುದು. ಮಾತ್ರೆಯನ್ನು ಹಠಾತ್ತನೆ ಬಿಡುವುದೂ ಅಪಾಯಕರ.

ಚಿಕಿತ್ಸೆಯೂ ಎಲ್ಲರಿಗೂ ಒಂದೇ ಆಗಿರದು. ಕಿರಿಯ ವಯಸ್ಸಿನಲ್ಲಿ ರೋಗ ತಗುಲಿದವರಲ್ಲಿ ಲೆವೊಡೋಪಾದಿಂದ ಅನೈಚ್ಛಿಕ ಚಲನೆಗಳು ಬೇಗ ತೋರುತ್ತವೆ. ಡೋಪಮೈನನ್ನು ಅನುಕರಿಸುವ ಔಷಧಗಳಿಂದ ವೃದ್ಧರಲ್ಲಿ ಭ್ರಮೆಯ ಸಂಭವ ಹೆಚ್ಚು. ಬೇಳೆ, ಮೊಟ್ಟೆಗಳಂಥ ಪ್ರೋಟೀನಿನ ಆಹಾರ ಕೆಲವರಲ್ಲಿ ಔಷಧದ ಹೀರುವಿಕೆಗೆ ಅಡ್ಡಿಯಾಗುವುದರಿಂದ ಊಟ ಮತ್ತು ಮಾತ್ರೆಯ ನಡುವಿನ ಅಂತರವನ್ನು ಅವರವರಿಗೆ ತಕ್ಕಂತೆ ನಿಗದಿಪಡಿಸಬೇಕಾಗುತ್ತದೆ. ಮೆದುಳಿಗೆ ವಿದ್ಯುತ್ ಪ್ರಚೋದನೆ ನೀಡುವ ಶಸ್ತ್ರಚಿಕಿತ್ಸೆ ಆಯ್ದ ರೋಗಿಗಳಿಗೆ ಮಾತ್ರ ಸೂಕ್ತ. ವಂಶವಾಹಿಗಳ ವಿಚಾರದಲ್ಲಿಯೂ ಇದೇ ಎಚ್ಚರ ಅಗತ್ಯ. ಎಲ್‌ಆರ್‌ಆರ್‌ಕೆ2 ಜೀನ್‌ನ ಒಂದು ಪ್ರಸಿದ್ಧ ರೂಪಾಂತರ ಉತ್ತರ ಆಫ್ರಿಕದ ರೋಗಿಗಳಲ್ಲಿ ಹೇರಳವಾಗಿದ್ದರೆ ಭಾರತೀಯ ರೋಗಿಗಳಲ್ಲಿ ಅತಿವಿರಳ. ಒಂದು ಜನಸಮುದಾಯದ ಅಳತೆಗೋಲು ಇನ್ನೊಂದಕ್ಕೆ ಹಾಗೆಯೇ ಹೊಂದದು.

ವಯಸ್ಸು, ಆಹಾರ, ಜೀರ್ಣಶಕ್ತಿಗಳನ್ನು ವಿಚಾರಿಸಿ ಮದ್ದು ನೀಡುವ ದೇಶೀಯ ಕ್ರಮಕ್ಕೂ ಈ ದೃಷ್ಟಿಗೂ ಮೇಲುನೋಟದ ಹೋಲಿಕೆಯಿದೆ. ಆದರೆ ಹೋಲಿಕೆಯೇ ಪುರಾವೆಯಲ್ಲ. ನಸುಗುನ್ನಿಯ ಬಳಕೆಯನ್ನು ದಾಖಲಿಸುವ ಜಾನಪದ ಕ್ಷೇತ್ರಕಾರ್ಯವು ಮದ್ದಿನ ಹೆಸರಿಗೆ ನಿಲ್ಲದೆ ಬೀಜದ ತಳಿ, ಸಂಸ್ಕರಣೆಯ ವಿಧಾನ, ಅಳತೆ ಹಾಗೂ ರೋಗಿ ಜೊತೆಯಲ್ಲಿ ಸೇವಿಸುತ್ತಿರುವ ಮಾತ್ರೆಗಳನ್ನು ಗುರುತಿಸಿಕೊಳ್ಳಬೇಕು. ಅಂತಹ ದಾಖಲೆ ಮಾತ್ರ ಸಂಶೋಧಕನಿಗೆ ಆಕರವಾಗಿಯೂ ರೋಗಿಗೆ ರಕ್ಷಣೆಯಾಗಿಯೂ ಒದಗಬಲ್ಲದು.